ದುರುಗೇಶ ತನ್ನ ದೋಣಿಯನ್ನು ತಾನೇ ಮುಳುಗಿಸಿದ್ದು

ಮೂರು ವರ್ಷದ ಭಾನುವಾರಗಳನ್ನೆಲ್ಲ ಸುರಿದು ರಿಪೇರಿ ಮಾಡಿದ ದೋಣಿಯನ್ನು ದುರುಗೇಶ ಅಂಬಿಗೇರ ಕಳೆದ ವರ್ಷ ಜುಲೈ ತಿಂಗಳ ಒಂದು ಗುರುವಾರ ತಾನೇ ನೀರಿನಲ್ಲಿ ಮುಳುಗಿಸಿದ. ಗಳಗನಾಥದ ದಂಡೆಯ ಮೇಲೆ ನಿಂತು ನೋಡುತ್ತಿದ್ದವರಿಗೆ ಏನು ನಡೆಯುತ್ತಿದೆಯೆಂದು ತಿಳಿಯಲಿಲ್ಲ. ಅವನ ಜೊತೆಗಾರ, ಬಡಿಗೇರ ಮಾಂತೇಶ, ಸೊಂಟಮಟ್ಟದ ನೀರಿನಲ್ಲಿ ನಿಂತು ಮರಳು ತುಂಬಿದ ಚೀಲಗಳನ್ನು ಒಂದೊಂದಾಗಿ ದೋಣಿಯೊಳಗೆ ಇಳಿಸುತ್ತ, "ನೋಡ್ರಿ ನೋಡ್ರಿ, ಮೂರು ವರ್ಷ ಕಟ್ಟಿ ಮೂರು ತಾಸಿನ್ಯಾಗ ಮುಳುಗಿಸೋ ಶಾಣ್ಯಾರು ನಾವು ಇಬ್ಬರ!" ಎಂದು ದಂಡೆಯವರಿಗೆ ತಾನೇ ಹೇಳಿದ. ಬೇರೆಯವರು ಆಡಿಕೊಳ್ಳುವ ಮೊದಲು ತಾನೇ ಆಡಿಕೊಂಡು ಬಿಡುವುದು ಮಾಂತೇಶನ ರೂಢಿ.

ದುರುಗೇಶನಿಗೆ ಗುತ್ತಲದ ಬಸ್ ನಿಲ್ದಾಣದ ಹಿಂದೆ ಪಂಪ್‌ಸೆಟ್ ರಿಪೇರಿಯ ಅಂಗಡಿ ಇದೆ. ವಯಸ್ಸು ನಲವತ್ತೆಂಟು. ಇಪ್ಪತ್ತೈದು ವರ್ಷದಿಂದ ಅವನ ಕೆಲಸವೆಂದರೆ ನದಿಯ ನೀರನ್ನು ಮೇಲೆತ್ತಿ ಮಂದಿಯ ಹೊಲಕ್ಕೆ ಕಳಿಸುವ ಯಂತ್ರಗಳನ್ನು ಸರಿಪಡಿಸುವುದು. ಆದರೆ ಅವನು ನದಿಯ ಮೇಲೆ ಹೋದವನಲ್ಲ. ಅಪ್ಪ ಲಕ್ಷ್ಮಪ್ಪ ಗಳಗನಾಥದಲ್ಲಿ ನಾವೆ ನಡೆಸುತ್ತಿದ್ದ. ತಾಯಿ ಶಾರದವ್ವ ಬಾಡಿಗೆಯ ಮಂದಿ ಹೆಚ್ಚಾದ ದಿನ ತಾನೂ ಉದ್ದನೆಯ ಬಿದಿರ ಗಳ ಹಿಡಿದು ನಾವೆ ದಾಟಿಸಿದವಳು. ಮಗ ಮಾತ್ರ ನಾವೆ ಹತ್ತಬಾರದೆಂದು ಲಕ್ಷ್ಮಪ್ಪ ಕಟ್ಟುನಿಟ್ಟು ಮಾಡಿದ್ದ. "ಸೇತುವಿ ಆದ ಮ್ಯಾಲ ಗಳ ಹಿಡಿದಾಂವಗ ಅನ್ನ ಇಲ್ಲ. ನೀ ಇಂಜಿನ್ ಕಲಿ" ಎಂದು ಹನ್ನೆರಡನೆಯ ವಯಸ್ಸಿನಲ್ಲಿ ಗುತ್ತಲದ ಅಂಗಡಿಗೆ ಬಿಟ್ಟು ಬಂದಿದ್ದ. ಸೇತುವೆ ಆಯಿತು, ನಾವೆ ನಿಂತಿತು, ಲಕ್ಷ್ಮಪ್ಪನೂ ಹೋದ. ದುರುಗೇಶ ಇಂಜಿನ್ ಕಲಿತು ಮನೆ ಕಟ್ಟಿದ, ಇಬ್ಬರು ಹೆಣ್ಣುಮಕ್ಕಳನ್ನು ಓದಿಸಿದ. ಹತ್ತಬಾರದೆಂದ ಆ ನಾವೆಯ ವಿಚಾರ ಮಾತ್ರ ಅವನ ತಲೆಯಿಂದ ಹೋಗಿರಲಿಲ್ಲ.

ಈ ದೋಣಿ ನಾವೆಯಲ್ಲ. ಇಪ್ಪತ್ತೆರಡು ಅಡಿ ಉದ್ದದ, ಮೇಲೆ ಸಣ್ಣ ಕೋಣೆಯಿರುವ ಮೋಟಾರು ದೋಣಿ. ಕರಾವಳಿಯಲ್ಲಿ ಯಾರೋ ಸಾಹುಕಾರರು ಸಂಜೆಯ ವಿಹಾರಕ್ಕೆಂದು ಕಟ್ಟಿಸಿಕೊಂಡಿದ್ದು, ಕೈ ಬದಲಾಗುತ್ತ ಕಡೆಗೆ ಒಂದು ಗುಜರಿಯ ಅಂಗಳಕ್ಕೆ ಬಂದು ಬಿದ್ದಿತ್ತು. ಇಂಜಿನ್ನಿನ ಬಿಡಿಭಾಗ ಹುಡುಕುತ್ತ ಹೋದ ದುರುಗೇಶ ದೋಣಿಯನ್ನೇ ಲಾರಿಗೆ ಹಾಕಿಸಿಕೊಂಡು ಬಂದ. ಗುತ್ತಲದ ಅಂಗಡಿಯ ಮುಂದೆ ಅದನ್ನು ಇಳಿಸಿದ ದಿನ ಹೆಂಡತಿ ಸುನಿತಾ ಸುತ್ತ ಒಂದು ಸುತ್ತು ಹಾಕಿ ನೋಡಿ ಕೇಳಿದ್ದು ಒಂದೇ ಮಾತು: "ಇದನ್ನ ತಗೊಂಡು ಎಲ್ಲಿಗೆ ಹೋಗಾವ್ರು ನೀವು?"

"ಎಲ್ಲಿಗೂ ಇಲ್ಲ. ನದ್ಯಾಗ ಮ್ಯಾಲ ಹೋಗೂದು, ಕೆಳಗ ಬರೂದು."

"ಮತ್ತ?"

"ಮತ್ತೇನೂ ಇಲ್ಲ."

ಅವಳು ಇನ್ನೇನೂ ಕೇಳಲಿಲ್ಲ. ಮುಂದಿನ ಭಾನುವಾರ ಅವಳೇ ತನ್ನ ತವರು ಬ್ಯಾಡಗಿಗೆ ಫೋನು ಮಾಡಿ, ಕೆಡವುತ್ತಿದ್ದ ಹಳೆಯ ಮೆಣಸಿನಕಾಯಿ ಗೋದಾಮಿನ ತೇಗದ ಹಲಗೆಗಳನ್ನು ಗೊತ್ತು ಮಾಡಿದಳು. ಐವತ್ತು ವರ್ಷ ಮೆಣಸಿನಕಾಯಿಯ ಜೊತೆ ಇದ್ದ ಹಲಗೆ. ಮಾಂತೇಶ ಗರಗಸ ಹಚ್ಚಿದ ದಿನ ಅಂಗಡಿಯ ಸಾಲಿಗೆ ಸಾಲೇ ಸೀನಿತು. ಚಹಾದಂಗಡಿಯವನು ಒಲೆ ಆರಿಸಿ ಹೊರಗೆ ಓಡಿದ. ಹೊಟ್ಟು ಬಿದ್ದ ಕಣ್ಣನ್ನು ಉಜ್ಜಿಕೊಂಡ ಮಾಂತೇಶ ಎರಡು ದಿನ ಕೆಲಸಕ್ಕೆ ಬರಲಿಲ್ಲ. ಮದುವೆಗೆ ಮುಂಚಿನಿಂದಲೂ, ಈಗಲೂ ವರ್ಷಕ್ಕೆ ಎರಡು ತಿಂಗಳು ತವರಿಗೆ ಹೋಗಿ ಮೆಣಸಿನಕಾಯಿಯ ತೊಟ್ಟು ಮುರಿಯುವ ಸುನಿತಾಗೆ ಮಾತ್ರ ಏನೂ ಆಗಲಿಲ್ಲ.

ಕೊಳೆತ ಹಲಗೆಗಳ ಜಾಗಕ್ಕೆ ಹೊಸವು ಕೂತವು. ಕೋಣೆಯಲ್ಲಿ ಎರಡು ಕಡೆ ಮಲಗುವಷ್ಟು ಉದ್ದದ ಬೆಂಚು, ಸಣ್ಣ ಗ್ಯಾಸ್ ಒಲೆಗೆ ಕಟ್ಟೆ, ಸರಿಸುವ ಗಾಜಿನ ಕಿಟಕಿ. ದೋಣಿಯನ್ನು ಮುಂದೆ ನೂಕುವ ಚಕ್ರ ತಿರುಗಿಸುವ ಉಕ್ಕಿನ ದಂಡವನ್ನು ರಾಣೆಬೆನ್ನೂರಿನ ಲೇತಿನಲ್ಲಿ ಹೊಸದಾಗಿ ಕಡೆಸಿದ. ಎರಡು ಸಿಲಿಂಡರಿನ ಇಂಜಿನ್ನನ್ನು ಪೂರ್ತಿ ಬಿಚ್ಚಿ ಕಟ್ಟಿ ಅಂಗಡಿಯಲ್ಲಿ ತಾಡಪತ್ರಿ ಹೊದಿಸಿ ಇಟ್ಟ. ಒಡಲು ಸೋರದೆಂದು ಖಾತ್ರಿಯಾದ ಮೇಲೇ ಇಂಜಿನ್ ಕೂರಿಸುವುದೆಂದು ಅವನ ಲೆಕ್ಕ.

ಸೋರುವ ವಿಷಯದಲ್ಲೇ ತಾಯಿಗೂ ಮಗನಿಗೂ ಜಗಳವಾದದ್ದು. ಏಪ್ರಿಲ್ ತಿಂಗಳ ಬಿಸಿಲಿಗೆ ಹಲಗೆಗಳು ಒಣಗಿ ನಡುವಿನ ಸಂದುಗಳಲ್ಲಿ ಬೆರಳಿನ ಉಗುರು ಹೋಗುವಷ್ಟು ಜಾಗ ಬಿದ್ದಿತ್ತು. ಪಂಪಿನವನಿಗೆ ಸಂದು ಎಂದರೆ ಶತ್ರು. ದುರುಗೇಶ ರಾಣೆಬೆನ್ನೂರಿನಿಂದ ಎರಡು ಡಬ್ಬಿಯ ಎಪಾಕ್ಸಿ ಅಂಟು ತಂದ. ಎರಡನ್ನೂ ಕಲಸಿ ತುಂಬಿದರೆ ಒಂದು ತಾಸಿನಲ್ಲಿ ಕಲ್ಲಾಗುವ ಮಾಲು. ದೋಣಿಯ ಎಡಗಡೆಯ ಸಂದುಗಳನ್ನೆಲ್ಲ ಎರಡು ದಿನದಲ್ಲಿ ಅದರಿಂದ ತುಂಬಿ, ಉಜ್ಜಿ, ಕೈ ಸವರಿ ನೋಡಿ ಸಂತೋಷಪಡುತ್ತಿದ್ದಾಗ ಗಳಗನಾಥದಿಂದ ಶಾರದವ್ವ ಬಂದಳು. ಎಪ್ಪತ್ತೆರಡರ ಮುದುಕಿ, ಎಡ ಮೊಣಕಾಲು ನೋವಿನದು.

"ಏ ದುರುಗ್ಯಾ, ಇದೇನೋ?"

"ಎಪಾಕ್ಸಿ, ಯವ್ವಾ. ಒಂದು ಹನಿ ಸೋರಂಗಿಲ್ಲ."

"ನೀರು ಕುಡದ್ರ ಹಲಗಿ ದಪ್ಪ ಆಗ್ತಾವು. ಸಂದಿನ್ಯಾಗ ಕಲ್ಲು ತುಂಬೀದಿ. ದಪ್ಪ ಆದ ಹಲಗಿ ಎಲ್ಲಿಗೆ ಹೋಗಬೇಕು?"

"ಅದು ನಿಮ್ಮ ಕಾಲದ ಮಾತು. ಇದು ಈಗಿನ ಮಾಲು."

"ಮುಲಾಮು ಹಚ್ಚಿದ್ರ ಮುರದ ಎಲುವು ಕೂಡತೈತೇನು? ಹತ್ತಿ ಹುರಿ ಮಾಡು, ಹೊಂಗಿ ಎಣ್ಣಿ ರಾಳ ಕಾಸಿ ಅದ್ದು, ಸಡ್ಲ ತುಂಬು. ಉಳಿದದ್ದನ್ನ ನೀರು ಮಾಡ್ತೈತಿ."

ಅವನು ಒಪ್ಪದೆ ಬಲಗಡೆಗೆ ಎಪಾಕ್ಸಿ ಕಲಸಲು ಕೂತಾಗ ಶಾರದವ್ವ ಸ್ಟೂಲಿನ ಮೇಲೆ ಕಾಲಿಟ್ಟು ದೋಣಿ ಹತ್ತಿ ಬಲಗಡೆಯ ಅಂಚಿನ ಮೇಲೆ ಎರಡೂ ಕಾಲು ಇಳಿಬಿಟ್ಟು ಕೂತುಬಿಟ್ಟಳು. "ಮೊದಲ ನನಗ ಹಚ್ಚು. ಆಮ್ಯಾಗ ಹಲಗಿಗೆ ಹಚ್ಚೀಯಂತ." ಸಂಜೆಯ ತನಕ ಇಳಿಯಲಿಲ್ಲ. ಕಲಸಿದ ಎಪಾಕ್ಸಿ ತಟ್ಟೆಯಲ್ಲೇ ಕಲ್ಲಾಯಿತು. ಹೀಗೆ ದೋಣಿಯ ಎಡಗಡೆ ಮಗನ ಪ್ರಕಾರ, ಬಲಗಡೆ ತಾಯಿಯ ಪ್ರಕಾರ ಆಯಿತು.

ಮುಳುಗಿಸುವುದೂ ಶಾರದವ್ವನ ಮಾತೇ. ನಾವೆಯವರ ಮನೆಯಲ್ಲಿ ಅದು ಪದ್ಧತಿ. ಬೇಸಿಗೆಯೆಲ್ಲ ಒಣಗಿದ ನಾವೆಯನ್ನು ಹೊಸ ನೀರು ಬಂದಾಗ ದಂಡೆಯ ಹತ್ತಿರ ಮರಳಿನ ಮೇಲೆ ಕೂರಿಸಿ, ಒಳಗೆ ಭಾರ ಹೇರಿ, ಅಂಚು ಮಾತ್ರ ಕಾಣುವಂತೆ ನೀರು ತುಂಬಿ ಐದು ದಿನ ಬಿಡುತ್ತಿದ್ದರು. ನೀರು ಕುಡಿಸುವುದು ಎನ್ನುತ್ತಿದ್ದರು ಅದಕ್ಕೆ. ಕುಡಿದ ಹಲಗೆಗಳು ಉಬ್ಬಿ ಒಂದನ್ನೊಂದು ಒತ್ತಿ ಸಂದು ಮುಚ್ಚಿಕೊಳ್ಳುತ್ತಿದ್ದವು. ಆಮೇಲೆ ನೀರು ಚೆಲ್ಲಿದರೆ ನಾವೆ ತಾನೇ ಮೇಲೇಳುತ್ತಿತ್ತು.

ಆ ಗುರುವಾರ ಲಾರಿಯಿಂದ ಇಳಿಸಿ ತುಂಗಭದ್ರೆಯ ದಂಡೆಗೆ ಜಾರಿಸಿದಾಗ ಬಲಗಡೆಯ ಸಂದುಗಳಿಂದ ನೀರು ಚಿಲುಮೆಯಂತೆ ಒಳಗೆ ಬಂತು. ಎಡಗಡೆ ಒಣಗೇ ಇತ್ತು.

"ನೋಡಬೇ ಯವ್ವಾ," ಎಂದ ದುರುಗೇಶ, "ಎಡಕ್ಕ ಒಂದು ಹನಿ ಐತೇನು?"

"ಅದಕ್ಕ ನನಗ ಅಂಜಿಕಿ" ಎಂದಳು ಶಾರದವ್ವ.

ಶುಕ್ರವಾರ ಮಧ್ಯಾಹ್ನ ದಂಡೆಯ ಹೊಲದಲ್ಲಿ ತನ್ನ ಟ್ರ್ಯಾಕ್ಟರಿನಿಂದ ಗೊಬ್ಬರ ಇಳಿಸುತ್ತಿದ್ದ ಮುಮ್ತಾಜಬಿಗೆ ನೀರಿನ ಕಡೆಯಿಂದ ಪಟಾಕಿ ಸಿಡಿದಂತೆ ಒಂದು ಸದ್ದು ಕೇಳಿಸಿತು. ಅವಳು ಗಂಡ ತೀರಿಕೊಂಡ ಮೇಲೆ ತಾನೇ ಟ್ರ್ಯಾಕ್ಟರ್ ಓಡಿಸಿ ಬಾಡಿಗೆ ದುಡಿಯುವ ಹೆಂಗಸು. ಸಂಜೆ ಶಾರದವ್ವನ ಮನೆಯ ಮುಂದೆ ಗಾಡಿ ನಿಲ್ಲಿಸಿ ಹೇಳಿದಳು. ಶಾರದವ್ವ ಮಗನಿಗೆ ಫೋನು ಮಾಡಿಸಿದಳು. "ಯಾರಾದ್ರೂ ಮೀನಿಗೆ ಸಿಡಿಮದ್ದು ಹಾಕಿರಬೇಕು" ಎಂದು ದುರುಗೇಶ ಗುತ್ತಲದಿಂದಲೇ ಅಂದು ಬಿಟ್ಟ.

ಶನಿವಾರ ಬೆಳಿಗ್ಗೆ ಆರಕ್ಕೆ ಅವನ ಫೋನು ಮತ್ತೆ ರಿಂಗಾಯಿತು. ನದಿಯ ಮೇಲ್ಗಡೆ ಕುಮಾರಪಟ್ಟಣದಲ್ಲಿ ದಂಡೆಯ ಪಂಪ್‌ಹೌಸ್ ನೋಡಿಕೊಳ್ಳುವ ಗೆಳೆಯ ಗಂಗಾಧರ. "ದುರುಗೇಶ, ನಿನ್ನ ದೋಣಿ ಎಲ್ಲೈತಿ? ಇಲ್ಲಿ ನಿನ್ನೆ ರಾತ್ರಿಯಿಂದ ನೀರು ಏರಾಕತ್ತೈತಿ. ಮ್ಯಾಲ ಮಳಿ ಭಾಳ, ಡ್ಯಾಮಿನಿಂದ ನೀರು ಬಿಟ್ಟಾರಂತ. ಮೂರು ಮೆಟ್ಟಲು ಮುಳುಗ್ಯಾವು."

ಅಲ್ಲಿ ರಾತ್ರಿ ಏರಿದ ನೀರು ಗಳಗನಾಥಕ್ಕೆ ಮಧ್ಯಾಹ್ನದ ಹೊತ್ತಿಗೆ ಬರುತ್ತದೆ. ದುರುಗೇಶ, ಸುನಿತಾ, ಮಾಂತೇಶ ಮೂವರೂ ಎರಡಿಂಚಿನ ಡೀಸೆಲ್ ಪಂಪನ್ನು ಟಂಟಂ ಗಾಡಿಗೆ ಹೇರಿಕೊಂಡು ಏಳೂವರೆಗೆ ದಂಡೆ ಮುಟ್ಟಿದರು. ಶಾರದವ್ವ ಆಗಲೇ ಅಲ್ಲಿದ್ದಳು. ನೀರಿನಲ್ಲಿ ಒಂದು ಕೋಲು ಊರಿ ಕುಡುಗೋಲಿನಿಂದ ಗುರುತು ಹಾಕಿದ್ದಳು. ದೋಣಿಯ ಅಂಚು ನೀರಿನಿಂದ ಒಂದು ಗೇಣು ಮೇಲಿತ್ತು.

"ಮುಳುಗಿದಂಗ ಬಿಟ್ರ ಹೆಂಗ, ಯವ್ವಾ? ಹಗ್ಗ ಬಿಗೀತೀನಿ. ಭಾರ ಐತಿ, ಎಲ್ಲಿಗೂ ಹೋಗಂಗಿಲ್ಲ."

"ದೋಣಿ ಹೋಗೂದಿಲ್ಲ, ಉಸುಕು ಬರತೈತಿ. ನಿಮ್ಮಪ್ಪನ ಮೊದಲನೇ ನಾವೆ ಇಲ್ಲೇ ಉಸುಕಿನ ಕೆಳಗೈತಿ. ಮಹಾಪೂರ ಇಳದ ಮ್ಯಾಲ ಎಂಟು ಮಂದಿ ಹದಿನೈದು ದಿನ ಅಗದ್ರು. ಒಂದು ಮೊಳೆ ಸಿಗಲಿಲ್ಲ. ಎಬ್ಬಿಸು ಅದನ್ನ."

"ಎಬ್ಬಿಸಿ ಎಲ್ಲಿಗೆ?"

ಶಾರದವ್ವ ಕೆಳಗಡೆ ಕೈ ತೋರಿಸಿದಳು. ಅರ್ಧ ಕಿಲೋಮೀಟರಿನ ಆಚೆ ವರದಾ ನದಿ ಬಂದು ತುಂಗಭದ್ರೆಗೆ ಕೂಡುತ್ತದೆ. ತುಂಗಭದ್ರೆ ಏರಿದಾಗ ವರದೆಗೆ ಮುಂದೆ ಹೋಗಲು ದಾರಿ ಇರುವುದಿಲ್ಲ; ಅದರ ಬಾಯಿಯ ಒಳಗೆ ನೀರು ಕೆರೆಯಂತೆ ನಿಲ್ಲುತ್ತದೆ. ಹಿಂದೆಲ್ಲ ಮಹಾಪೂರದ ಹೊತ್ತಿಗೆ ನಾವೆಗಳನ್ನು ಅಲ್ಲಿಯೇ ಕಟ್ಟುತ್ತಿದ್ದರು.

ಮಾಂತೇಶ ಚೀಲಗಳನ್ನು ಎತ್ತಿ ಹೊರಗೆ ಹಾಕಿದ. ದುರುಗೇಶ ಪಂಪಿನ ಪೈಪನ್ನು ದೋಣಿಯೊಳಗೆ ಬಿಟ್ಟು ಇಂಜಿನ್ ತಿರುವಿದ. ಒಂದು ಸಲಕ್ಕೇ ಹೊತ್ತಿಕೊಂಡಿತು. ನೀರು ದಪ್ಪ ಧಾರೆಯಾಗಿ ನದಿಗೆ ಬೀಳತೊಡಗಿತು. ಒಳಗಿನ ನೀರು ಇಳಿಯಿತು. ಬೆಂಚುಗಳು ಕಂಡವು. ಬಲಗಡೆಯ ಹಲಗೆಗಳು ಒಂದನ್ನೊಂದು ಅಪ್ಪಿ ಕೂತಿದ್ದವು. ಉಗುರು ಹೋಗುತ್ತಿದ್ದ ಸಂದಿನಲ್ಲಿ ಈಗ ಕೂದಲೂ ಹೋಗುವಂತಿರಲಿಲ್ಲ. ಮಾಂತೇಶ ಶಿಳ್ಳೆ ಹಾಕಿದ.

ಆಮೇಲೆ ನೀರು ಇಳಿಯುವುದು ನಿಂತಿತು. ಪಂಪು ಎಳೆಯುತ್ತಲೇ ಇತ್ತು, ನೀರು ಬೆಂಚಿನ ಕೆಳಗೆ ಒಂದೇ ಮಟ್ಟದಲ್ಲಿತ್ತು. ದುರುಗೇಶ ವೇಗ ಹೆಚ್ಚಿಸಿದ. ಇಂಜಿನ್ ಕೂಗಿತು. ನೀರು ಅಲ್ಲೇ ಇತ್ತು. ಹೊರಗಿನ ಕೋಲಿನ ಮೇಲೆ ನದಿ ಮೊದಲ ಗುರುತು ದಾಟಿತ್ತು.

ಅವನು ಎಡಗಡೆಗೆ ಹೋಗಿ ಉಸಿರು ಹಿಡಿದು ಮುಳುಗಿದ. ಕೈಯಿಂದ ಸವರುತ್ತ ಮುಂದಕ್ಕೆ ಸರಿದ. ಮೇಲೆದ್ದು ಮುಖ ಒರೆಸಿಕೊಂಡ.

"ಏನಾಗೈತ್ರೀ?" ಎಂದಳು ಸುನಿತಾ.

"ಕೆಳಗಿನಿಂದ ಮೂರನೇ ಹಲಗಿ ಮೊಳೆ ಕಿತ್ಕೊಂಡು ಹೊರಗ ಬಂದೈತಿ. ಒಂದು ಮಾರು ಉದ್ದ. ಎರಡು ಬೆರಳು ಹೋಗ್ತಾವು." ಕೂದಲ ನೀರು ಹಿಂಡುತ್ತ, "ಮುಮ್ತಾಜಬಿ ಕೇಳಿದ್ದು ಇದನ್ನ" ಎಂದ.

ಎಪಾಕ್ಸಿ ಒಂದು ಹನಿಯೂ ಸೋರಿರಲಿಲ್ಲ. ಸಂದಿನಲ್ಲಿ ಕಲ್ಲಿನಂತೆ ನಿಂತಿತ್ತು. ಉಬ್ಬಿದ ಹಲಗೆಗಳಿಗೆ ಜಾಗ ಸಿಗದೆ ನಡುವಿನದನ್ನು ಹೊರಗೆ ನೂಕಿದ್ದವು. ಅವನು ತಾಯಿಯ ಮುಖ ನೋಡಲಿಲ್ಲ. ಶಾರದವ್ವನೂ ಏಪ್ರಿಲ್ ತಿಂಗಳ ಮಾತು ಎತ್ತಲಿಲ್ಲ. ಕೋಲು ನೋಡಿದಳು.

"ಆ ಹಲಗಿ ಮ್ಯಾಲಿನ ಸಂದು, ಕೆಳಗಿನ ಸಂದು ಎರಡೂ ಕಡೆ ನಿಮ್ಮ ಎಪಾಕ್ಸಿ ಮುಲಾಮು ಕೊರದು ತಗೀರಿ. ಜಾಗಾ ಆದ್ರ ಹಲಗಿ ಒಳಗ ಬರತೈತಿ."

"ಯವ್ವಾ, ತಲಿ ಐತೇನು? ಈಗ ಒಂದು ಕಡೆ ಸೋರಾಕತ್ತೈತಿ. ಅದನ್ನ ತಗದ್ರ ಮೂರು ಕಡೆ ಸೋರತೈತಿ. ಪಂಪು ತಡೆಯಂಗಿಲ್ಲ!"

"ಈಗೂ ತಡದಿಲ್ಲಲ್ಲ."

ಮಾಂತೇಶ ಉಳಿ ಹಿಡಿದು ನಿಂತಿದ್ದ. ತಾಯಿಯ ಕಡೆ ಒಮ್ಮೆ, ಮಗನ ಕಡೆ ಒಮ್ಮೆ ನೋಡಿದ. "ದುರುಗೇಶಣ್ಣ, ಕೊರದ ಮ್ಯಾಲ ಮತ್ತ ಅಂಟಿಸಾಕ ಬರಂಗಿಲ್ಲ ನೋಡು. ನಾ ಕೈ ಹಚ್ಚಂಗಿಲ್ಲ. ನಿನ್ನ ದೋಣಿ, ನೀ ಹೇಳು."

ಅಂಚಿಗೂ ನೀರಿಗೂ ಈಗ ಆರು ಬೆರಳು. ನೀರು ಅಂಚು ಹತ್ತಿತೆಂದರೆ ಊರಿನ ಪಂಪೆಲ್ಲ ತಂದರೂ ನದಿಯನ್ನೇ ಎತ್ತಿ ನದಿಗೆ ಹಾಕಿದಂತೆ. ದುರುಗೇಶ ಅಂಗಡಿಯಲ್ಲಿ ಸಾವಿರ ಸಲ ಮಾಡಿದ್ದು ಸೋರುವುದನ್ನು ಬಿಗಿ ಮಾಡುವುದು. ಬಿಗಿ ಇದ್ದದ್ದನ್ನು ಸೋರುವಂತೆ ಮಾಡಲು ಅವನ ಕೈ ಏಳಲೇ ಇಲ್ಲ. ಕೋಲಿನ ಗುರುತು ಇನ್ನೊಮ್ಮೆ ನೋಡಿದ. ಆಮೇಲೆ ಮಾಂತೇಶನ ಕೈಯಿಂದ ಉಳಿ ಕಿತ್ತುಕೊಂಡು ನೀರಿಗೆ ಬಾಗಿದ.

ಎದೆಮಟ್ಟದ ನೀರಿನಲ್ಲಿ ನಿಂತು, ಕಣ್ಣಿಗೆ ಕಾಣದ ಸಂದನ್ನು ಬೆರಳಿನಿಂದ ಹುಡುಕಿ, ಉಳಿ ಇಟ್ಟು ಸುತ್ತಿಗೆಯಿಂದ ಹೊಡೆಯಬೇಕು. ನೀರಿನೊಳಗೆ ಸುತ್ತಿಗೆಗೆ ಬಲ ಬರುವುದಿಲ್ಲ. ಎಪಾಕ್ಸಿ ಉಗುರಿನಷ್ಟುದ್ದ, ಬೆರಳಿನಷ್ಟುದ್ದ ಚೂರಾಗಿ ಬಂತು. ಮಾಂತೇಶ ಹ್ಯಾಕ್ಸಾ ಬ್ಲೇಡಿನಿಂದ ಇನ್ನೊಂದು ತುದಿಯಿಂದ ಗೀರುತ್ತ ಬಂದ. ದೋಣಿಯೊಳಗೆ ನಿಂತಿದ್ದ ಸುನಿತಾ, "ಏರಾಕತ್ತೈತ್ರೀ! ಬೆಂಚು ಮುಟ್ಟೈತಿ!" ಎಂದು ಕೂಗಿದಳು. ದುರುಗೇಶ ನಿಲ್ಲಿಸಲಿಲ್ಲ. ಸುತ್ತಿಗೆ ತಪ್ಪಿ ಎಡ ಹೆಬ್ಬೆರಳಿನ ಮೇಲೆ ಬಿತ್ತು, ಆಗಲೂ ನಿಲ್ಲಿಸಲಿಲ್ಲ. ಒಂದು ಮಾರು ಸಂದು ಎರಡೂ ಕಡೆ ತೆರೆಯುವುದಕ್ಕೆ ಒಂದು ತಾಸು ಹಿಡಿಯಿತು. ಅಂಚಿಗೂ ನೀರಿಗೂ ನಾಲ್ಕು ಬೆರಳು ಉಳಿದಿತ್ತು.

"ಈಗ ಹಗ್ಗ" ಎಂದಳು ಶಾರದವ್ವ.

ದೋಣಿಯ ಮುಂಭಾಗದ ಕೆಳಗೆ ಮರಳು ತೋಡಿ ಹಗ್ಗ ತೂರಿಸಿ, ಒಡಲನ್ನು ಒಂದು ಸುತ್ತು ಸುತ್ತಿ ಮೇಲೆ ಕಟ್ಟಿದರು. ಹಗ್ಗದ ನಡುವೆ ಗುದ್ದಲಿಯ ಕಾವು ತೂರಿಸಿ, ಚಕ್ಕಡಿಗೆ ಜೋಳದ ಕಣಿಕೆ ಹೇರಿದಾಗ ಬಿಗಿಯುತ್ತಾರಲ್ಲ, ಹಾಗೆ ತಿರುವತೊಡಗಿದರು. ಹಗ್ಗ ಹುರಿಗೊಂಡಿತು. ಹಲಗೆ ಕಿರ್ರೆಂದಿತು. ಇನ್ನೊಂದು ಸುತ್ತು ತಿರುವುವಾಗ ಕಾವು ಜಾರಿ ಗರಗರ ಹಿಂದೆ ತಿರುಗಿ ಮಾಂತೇಶನ ಭುಜಕ್ಕೆ ಬಡಿಯಿತು. ಅವನು ನೀರಿನಲ್ಲಿ ಕುಸಿದು ಎದ್ದು, ಬಾಯಿಗೆ ಬಂದ ಬೈಗುಳ ಶಾರದವ್ವನನ್ನು ನೋಡಿ ನುಂಗಿ, "ಇನ್ನೊಮ್ಮೆ ಹಿಡಿ" ಎಂದ. ಎರಡನೆಯ ಸಲ ಇಬ್ಬರೂ ಮೈಭಾರ ಹಾಕಿ ತಿರುವಿದರು. ದುರುಗೇಶ ಕಾಲಿನಿಂದ ಹಲಗೆ ಒತ್ತಿದ. ಅದು ಕಾಲಿನ ಕೆಳಗೆ ಸರಿದದ್ದು ಅವನಿಗೆ ತಿಳಿಯಿತು.

"ಬಂತು! ಒಳಗ ಬಂತು!"

ಇನ್ನೂ ಒಂದು ಬೆರಳಿನಷ್ಟು ಸಂದು ಉಳಿದಿತ್ತು. ಒಳಗಿನಿಂದ ಅದಕ್ಕೆ ಏನಾದರೂ ತುರುಕಬೇಕು. ಕೈಗೆ ಸಿಕ್ಕಿದ್ದು ಮರಳು ತುಂಬಿದ್ದ ಗೋಣಿಚೀಲಗಳು. ಬ್ಯಾಡಗಿಯಿಂದ ಹಲಗೆಗಳ ಜೊತೆ ಬಂದ ಮೆಣಸಿನಕಾಯಿ ಚೀಲಗಳು. ಮಾಂತೇಶ ಒಂದನ್ನು ಹರಿದು ಎಳೆ ಬಿಡಿಸಲು ಹೋದ. ನೀರಿನಲ್ಲಿ ನೆನೆದು ಸುಲಿದಿದ್ದ ಬೆರಳುಗಳಿಗೆ ಗೋಣಿಯ ಖಾರ ಹತ್ತಿ, "ಅಯ್ಯಯ್ಯೋ ಸುಡತೈತಿ!" ಎಂದು ಕೈ ಕೊಡವಿದ. ದುರುಗೇಶನ ಒಡೆದ ಹೆಬ್ಬೆರಳಿಗೆ ಅದು ತಗುಲಿದಾಗ ಅವನ ಕಣ್ಣಿನಲ್ಲಿ ನೀರು ಬಂತು.

"ಸರೀರಿ ಆ ಕಡೆ" ಎಂದು ಸುನಿತಾ ಗೋಣಿ ಕಿತ್ತುಕೊಂಡಳು. "ಹನ್ನೆರಡು ಚೀಲ ಮುಂಜಾನಿಂದ ಸಂಜೀಮಟ ಮುರದ ಕೈ ಇವು."

ಕುತ್ತಿಗೆಯ ತನಕ ನೀರಿನಲ್ಲಿ ಬೆಂಚಿನ ಕೆಳಗೆ ತೂರಿ, ಗೋಣಿಯ ಎಳೆಗಳನ್ನು ಹೊಸೆದು ಹೊಸೆದು, ಉಳಿಯ ಮರದ ಹಿಡಿಕೆಯಿಂದ ಸಂದಿಗೆ ಗಿಡಿಯುತ್ತ ಹೋದಳು. ಒಳಗಿನ ನೀರು ಮೊದಲು ನಿಂತಿತು. ಆಮೇಲೆ ಬೆಂಚಿನ ಕಾಲಿನ ಮೇಲೆ ಒಂದು ಒದ್ದೆ ಗೆರೆ ಕಂಡಿತು. ಗೆರೆ ಅಗಲವಾಯಿತು.

"ಇಳಿಯಾಕತ್ತೈತಿ" ಎಂದಳು. ಅಂಚಿಗೂ ನದಿಗೂ ಎರಡೇ ಬೆರಳು. ನದಿಯ ಬಣ್ಣ ಆಗಲೇ ಕೆಂಪಾಗಿತ್ತು, ನಡುವಿನಲ್ಲಿ ಕಸಕಡ್ಡಿ ಜೋರಾಗಿ ಹೋಗುತ್ತಿತ್ತು. ಒಂದು ಅಲೆ ಅಂಚು ದಾಟಿ ಒಳಗೆ ಬಿತ್ತು, ಇನ್ನೊಂದು ಬಿತ್ತು. ಮಾಂತೇಶ ಬಕೆಟ್ಟಿನಿಂದ ಚೆಲ್ಲುತ್ತಿದ್ದ. ಹನ್ನೊಂದೂವರೆಯ ಸುಮಾರಿಗೆ ದೋಣಿಯ ಹಿಂಭಾಗ ಒಮ್ಮೆ ಅಲುಗಿತು. ಆಮೇಲೆ ಇಡೀ ದೋಣಿ ಮರಳಿನಿಂದ ಬಿಡಿಸಿಕೊಂಡು, ಮುದುಕ ಎದ್ದಂತೆ ಒಂದು ಕಡೆ ವಾಲಿ, ಮೇಲೆದ್ದಿತು.

ಶಾರದವ್ವ ಹೇಳಿಕಳಿಸಿದ್ದ ಮುಮ್ತಾಜಬಿಯ ಟ್ರ್ಯಾಕ್ಟರ್ ದಂಡೆಯ ಮೇಲೆ ಕಾಯುತ್ತಿತ್ತು. ಪಂಪನ್ನು ದೋಣಿಗೇ ಏರಿಸಿ, ಇನ್ನೊಂದು ಹಗ್ಗದಿಂದ ದೋಣಿಯನ್ನು ಟ್ರ್ಯಾಕ್ಟರಿನ ಹಿಂದಿನ ಕೊಂಡಿಗೆ ಕಟ್ಟಿದರು. ಮೊದಲು ಹರಿವಿನ ಜೊತೆ ಕೆಳಗೆ ಹೋಗಬೇಕು, ಆಗ ಟ್ರ್ಯಾಕ್ಟರ್ ಬ್ರೇಕಿನಂತೆ ಹಿಡಿಯಬೇಕು. ವರದೆಯ ಬಾಯಿಗೆ ಬಂದ ಮೇಲೆ ಒಳಗೆ ಎಳೆಯಬೇಕು. ದೋಣಿಯಲ್ಲಿ ಒಬ್ಬರು ಗಳ ಹಿಡಿದು ಅದನ್ನು ದಂಡೆಗೆ ಬಡಿಯದಂತೆ ನೋಡಿಕೊಳ್ಳಬೇಕು.

"ನಾ ಹತ್ತತೀನಿ" ಎಂದಳು ಶಾರದವ್ವ.

"ಯವ್ವಾ, ನಿನ್ನ ಮೊಣಕಾಲ..."

"ಮತ್ತ ನಿನಗ ಬರತೈತೇನು?"

ಬರುವುದಿಲ್ಲ. ಆದರೂ ಅವನೇ ಹತ್ತಿದ. ಸುನಿತಾ ಗೋಣಿಯ ಮೇಲೆ ಕಾಲು ಒತ್ತಿ ಒಳಗೇ ಕೂತಳು. ಮುಮ್ತಾಜಬಿ ಶಾರದವ್ವನನ್ನು ಎತ್ತಿ ಮಡ್‌ಗಾರ್ಡಿನ ಮೇಲೆ ಕೂರಿಸಿಕೊಂಡಳು. "ಗಟ್ಟಿ ಹಿಡ್ಕೋ ಶಾರದಕ್ಕಾ, ನೀ ಬಿದ್ದರ ನಿನ್ನ ಮಗ ನನ್ನ ಟ್ರ್ಯಾಕ್ಟರ್ ರಿಪೇರಿ ಮಾಡೂದು ಬಿಡ್ತಾನ."

ಹಗ್ಗ ಬಿಗಿಯಿತು. ನದಿ ದೋಣಿಯನ್ನು ಎಳೆದ ರಭಸಕ್ಕೆ ದುರುಗೇಶ ಮುಗ್ಗರಿಸಿ ಕೋಣೆಯ ಚಾವಣಿ ಹಿಡಿದ. ಕಾಲ ಕೆಳಗಿನ ನೆಲ ಸರಿಯುವುದು ಅವನಿಗೆ ಹೊಸದು. ದಂಡೆಯಿಂದ ತಾಯಿಯ ಧ್ವನಿ ಬರುತ್ತಿತ್ತು: "ಗಳ ಮುಂದ ಊರಬ್ಯಾಡ! ಪಕ್ಕಕ್ಕ ಊರು, ಹಿಂದಕ್ಕ ಒತ್ತು! ಒತ್ತಿ ತಗಿ! ಲಗೂ!" ಅವನು ಊರಿದ, ಒತ್ತಿದ, ತೆಗೆದ. ಎರಡು ಸಲ ದೋಣಿ ದಂಡೆಗೆ ಬಡಿಯುವಂತಾಗಿ ತಪ್ಪಿತು. ಟ್ರ್ಯಾಕ್ಟರ್ ಬ್ರೇಕು ಹಿಡಿದು ಬಿಟ್ಟು, ಹಿಡಿದು ಬಿಟ್ಟು ಕೆಳಗೆ ಬಂತು.

ಎರಡು ನದಿ ಕೂಡುವಲ್ಲಿ ತುಂಗಭದ್ರೆ ಒಂದು ಕಡೆಯಿಂದ ಕೆಂಪಗೆ ನುಗ್ಗುತ್ತಿತ್ತು, ವರದೆ ಕಪ್ಪಗೆ ನಿಂತಿತ್ತು. ಟ್ರ್ಯಾಕ್ಟರ್ ಮೂಲೆ ತಿರುಗಿ ಕಪ್ಪು ಎರೆಮಣ್ಣಿಗೆ ಇಳಿಯಿತು. ಹಿಂದಿನ ಗಾಲಿ ಜಾರಿ ಕೆಸರು ಮೇಲಕ್ಕೆ ಹಾರಿತು. ಹಗ್ಗ ಒಂದು ಕ್ಷಣ ಸಡಿಲಾಯಿತು, ಅಷ್ಟಕ್ಕೇ ದೋಣಿಯ ಬಾಲ ದೊಡ್ಡ ನದಿಯ ಕಡೆ ತಿರುಗಿತು. ದುರುಗೇಶ ಮೈಭಾರವೆಲ್ಲ ಹಾಕಿ ಗಳ ಊರಿದ. ಗಳ ತಳದ ಕೆಸರಿನಲ್ಲಿ ಕಚ್ಚಿಕೊಂಡಿತು. ದೋಣಿ ಸರಿಯುತ್ತಿತ್ತು, ಗಳ ಬರಲಿಲ್ಲ, ಅವನು ಬಿಡಲಿಲ್ಲ. ಅಂಚಿನ ಹೊರಗೆ ಅವನ ಅರ್ಧ ಮೈ ಹೋಗಿತ್ತು.

"ಬಿಡೋ ಗಳಾ! ಬಿಡು!" ಶಾರದವ್ವ ಕಿರುಚಿದಳು. "ಗಳ ಹೋದ್ರ ಹೋಗಲಿ!"

ಸುನಿತಾ ಒಂದು ಕಾಲು ಗೋಣಿಯ ಮೇಲೆಯೇ ಇಟ್ಟು ಅವನ ಪ್ಯಾಂಟಿನ ಬೆಲ್ಟು ಹಿಡಿದು ಹಿಂದಕ್ಕೆ ಎಳೆದಳು. ಅವನು ಗಳ ಬಿಟ್ಟ. ಅದೇ ಹೊತ್ತಿಗೆ ಗಾಲಿಗಳು ಗಟ್ಟಿ ನೆಲ ಕಚ್ಚಿದವು. ಮುಮ್ತಾಜಬಿ ಆಕ್ಸಿಲರೇಟರ್ ಬಿಡದೆ ಎಳೆದಳು. ದೋಣಿಯ ಮೂತಿ ವರದೆಯ ಕಡೆ ತಿರುಗಿತು, ಬಾಲ ಒಂದು ಸುತ್ತು ಬಂತು, ಆಮೇಲೆ ಇದ್ದಕ್ಕಿದ್ದಂತೆ ಎಳೆತವೇ ಇಲ್ಲದಂತಾಯಿತು. ಸುತ್ತ ನೀರು ಕದಲದೆ ನಿಂತಿತ್ತು.

ಬಾಯಿಯಿಂದ ಮುನ್ನೂರು ಹೆಜ್ಜೆ ಒಳಗೆ ಎರಡು ಜಾಲಿ ಮರಗಳ ನಡುವೆ ಕಟ್ಟಿದರು. ಆದರೆ ಪಂಪು ನಿಲ್ಲಿಸುವ ಹಾಗಿರಲಿಲ್ಲ. ಡೀಸೆಲ್ ಅರ್ಧ ಲೀಟರ್ ಉಳಿದಿತ್ತು, ಗುತ್ತಲದ ದಾರಿಯಲ್ಲಿ ಹಳ್ಳ ಬಂದು ಬಸ್ಸು ನಿಂತಿದೆಯೆಂದು ಯಾರೋ ಹೇಳಿದ್ದರು. ಪಂಪು ನಿಂತರೆ ಎಷ್ಟು ಬೇಗ ತುಂಬುತ್ತದೆ ಎಂದು ತಿಳಿಯಬೇಕಿತ್ತು. ಬೇಗ ತುಂಬಿದರೆ ದೋಣಿ ಇಲ್ಲೇ ಕೂರುತ್ತದೆ. ನಾಲ್ಕು ಗಂಟೆಗೆ ದುರುಗೇಶ ಇಂಜಿನ್ ಆಫ್ ಮಾಡಿದ. ಇಡೀ ದಿನದ ಸದ್ದು ನಿಂತು ಕಿವಿ ಗುಂಯ್‌ಗುಟ್ಟಿತು. ಒಂದು ಕಡ್ಡಿಗೆ ಗುರುತು ಮಾಡಿ ಒಳಗೆ ನಿಲ್ಲಿಸಿದ. ಐವರೂ ಕೂತು ಅದನ್ನೇ ನೋಡಿದರು. ಮಾಂತೇಶ ಉರಿಯುವ ಕೈಯನ್ನು ಮುಮ್ತಾಜಬಿ ತಂದ ಮಜ್ಜಿಗೆಯ ಪಾತ್ರೆಯಲ್ಲಿ ಅದ್ದಿಕೊಂಡು ಕೂತಿದ್ದ.

ಹತ್ತು ನಿಮಿಷ. ಕಾಲು ತಾಸು. ಅರ್ಧ ತಾಸು.

ದುರುಗೇಶ ಕಡ್ಡಿ ಎತ್ತಿ ಬೆಳಕಿಗೆ ಹಿಡಿದ. "ಒಂದು ಬೆರಳು."

"ಅಷ್ಟನಾ?" ಮಾಂತೇಶ ಮಜ್ಜಿಗೆಯಿಂದ ಕೈ ತೆಗೆದು ಕಡ್ಡಿ ಇಸಿದುಕೊಂಡು ತಾನೂ ನೋಡಿದ. "ಅಷ್ಟ! ಬಕೀಟಿನಿಂದ ಆಗೂ ಕೆಲಸ, ಅಣ್ಣಾ."

"ಬಲಕ್ಕ ಮುಟ್ಟಿ ನೋಡು" ಎಂದಳು ಶಾರದವ್ವ. ಅವನು ಬಲಗಡೆಯ ಹಲಗೆ ಮುಟ್ಟಿ ನೋಡಿದ. ಒಣಗಿತ್ತು.

ಅವಳು ಮೊಣಕಾಲು ಒತ್ತಿಕೊಂಡು ಹೇಳಿದಳು: "ಎಡಕ್ಕ ಪೂರಾ ಬಿಚ್ಚಬೇಕು. ಆರು ತಿಂಗಳ ಕೆಲಸ."

"ಗೊತ್ತೈತಿ. ಈ ವರ್ಷ ಹೋತು."

"ದೋಣಿ ಐತಲ್ಲ."

ದುರುಗೇಶ ಎದ್ದ. ಹ್ಯಾಕ್ಸಾ ಬ್ಲೇಡು ಹುಡುಕಿ ತೆಗೆದ. ಎಡಗಡೆಯ ಎಲ್ಲಕ್ಕಿಂತ ಮೇಲಿನ ಸಂದು ಈಗ ನೀರಿನಿಂದ ಒಂದು ಮೊಳ ಮೇಲಿತ್ತು. ಅದನ್ನು ತೆಗೆದರೆ ಸೋರುವ ಭಯವಿರಲಿಲ್ಲ. ಅಂಚಿನ ಮೇಲೆ ಬಾಗಿ ಒಡೆದ ಹೆಬ್ಬೆರಳನ್ನು ಎತ್ತಿ ಹಿಡಿದು ಗೀರತೊಡಗಿದ. ಎಪಾಕ್ಸಿಯ ಬಿಳಿ ಚೂರುಗಳು ಒಂದೊಂದಾಗಿ ಕಳಚಿ ಬಿದ್ದವು. ತುಂಗಭದ್ರೆ ಇನ್ನೂ ಏರುತ್ತಿತ್ತು, ಅದರ ಒತ್ತಿಗೆ ವರದೆಯ ನೀರು ನಿಧಾನವಾಗಿ ಹಿಂದಕ್ಕೆ ಸರಿಯಲು ಶುರುಮಾಡಿತ್ತು. ಚೂರುಗಳು ನದಿಯ ಬಾಯಿಗೆ ಹೋಗದೆ ದೋಣಿಯ ಪಕ್ಕದಿಂದ ಮೇಲ್ಗಡೆಗೆ ತೇಲಿ ಹೋದವು.